ಪೋಚಾ ಹುಡುಕಿಕೊಂಡ ಕಿಂಡಿ

ಮುಪ್ಪಿನ ಮಿದುಳಿನಿಂದ ಜಾರಿಹೋದ ನೆನಪನ್ನು ಕಾಂಡಕೋಶಗಳಿಂದ ಮರಳಿ ತರಲಾದೀತೇ ಎಂಬ ಪ್ರಶ್ನೆಯನ್ನು ಮುದಿ ಇಲಿಗಳ ಮುಂದಿಟ್ಟು, ಅವು ಕೊಟ್ಟ ಉತ್ತರವನ್ನು ಗುಲಗಂಜಿಯಷ್ಟೂ ಹಿಗ್ಗಿಸದೆ ಲೋಕಕ್ಕೆ ಹೇಳಿದವರ ಸಾಲಿನಲ್ಲಿ ಲಾ ಪ್ಲಾತಾ ನಗರದ ಡಾಕ್ಟರ್ ನೆಲಿದಾ ಇತುರಾಲ್ದೆಯವರಿಗೆ ಗೌರವದ ಸ್ಥಾನವಿದೆ. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಶಿಷ್ಯೆ ಮಾರಿಸೆಲ್‌ಳ ಕಣ್ಣಿಗೆ ಮೊದಲು ಕಟ್ಟುವುದು ಅವರ ಪದಕಗಳಲ್ಲ. ಪೋಚಾ ಎಂಬ ಮುದಿ ಇಲಿಯ ಮೀಸೆ.

ಮಾರಿಸೆಲ್ ಪ್ರಯೋಗಾಲಯಕ್ಕೆ ಸೇರುವ ಹೊತ್ತಿಗೆ, ಅವಳನ್ನು ಕಥೆ ಹೇಳಿ ಬೆಳೆಸಿದ ಅಜ್ಜಿ ಎವುಲೋಹಿಯಾ ಮರೆವಿನ ಕಾಯಿಲೆಗೆ ಸಿಕ್ಕಿ, ಹೇಳುತ್ತಿದ್ದ ಕಥೆಯ ನರಿಯನ್ನು ಅರ್ಧದಲ್ಲಿ ಬಾವಿಯ ಬಳಿಯೇ ಬಿಟ್ಟು, ಮೊಮ್ಮಗಳ ಹೆಸರನ್ನೂ ಕಳೆದುಕೊಂಡಿದ್ದರು. ಅಜ್ಜಿಗೆ ಮದ್ದು ಇಲ್ಲಿಯೇ ಸಿಗುತ್ತದೆಂದು ನಂಬಿ ಅವಳು ಬಂದಿದ್ದಳು.

ಇಲಿಗಳ ನೆನಪು ಅಳೆಯುವ ದುಂಡು ಮೇಜಿನ ಅಂಚಿನ ಹಲವು ಕಿಂಡಿಗಳಲ್ಲಿ ಒಂದರ ಕೆಳಗೆ ಮಾತ್ರ ಅಡಗುವ ಗೂಡು. ಎಷ್ಟು ಕಲಿಸಿದರೂ ಮರೆಯುತ್ತಿದ್ದ ಪೋಚಾ, ಮಿದುಳಿಗೆ ಕಾಂಡಕೋಶ ಸೇರಿಸಿದ ಕೆಲವು ವಾರಗಳ ಬಳಿಕ ಕಿಟಕಿಯ ಕಡೆಯ ಆ ಗೂಡಿನ ಕಿಂಡಿಗೇ ನೆಟ್ಟಗೆ ನಡೆಯಿತು. ಎಲ್ಲರೂ ಕುಣಿದಾಡಿದರು. ನೆಲಿದಾ ಮಾತ್ರ ತಮ್ಮ ಕೈಯಲ್ಲಿದ್ದ ಮಾಟೆಯ ಸೋರೆಬುರುಡೆಯನ್ನು ನೋಡಿದರು. ಆ ಕಹಿ ಎಲೆಯ ಕಷಾಯವನ್ನು ಒಂದೇ ಬುರುಡೆಯಿಂದ ಸರದಿಯಲ್ಲಿ ಹೀರುತ್ತ ತಂಡವೆಲ್ಲ ದಿನವೂ ಕೂರುತ್ತಿದ್ದುದು ಅದೇ ಕಿಟಕಿಯ ಪಕ್ಕ.

“ಕುಣಿದಿದ್ದು ಸಾಕು ಕಣ್ರೇ. ಇವಳಿಗೆ ಬಂದಿದ್ದು ನೆನಪೋ, ನಮ್ಮ ಮಾಟೆ ವಾಸನೆಯೋ?”

ಮರುದಿನ ಎಲ್ಲರೂ ಎದುರು ದಿಕ್ಕಿನ ಬಾಗಿಲ ಬಳಿ ಕುಳಿತು ಮಾಟೆ ಕುಡಿದರು. ಪೋಚಾ ಬಾಗಿಲತ್ತ ಮೂಗೆತ್ತಿ ಮೀಸೆ ಅಲುಗಿಸಿದಾಗ ಮಾರಿಸೆಲ್ ಹೀರುತ್ತಿದ್ದ ಬುರುಡೆಯನ್ನು ಕೆಳಗಿಟ್ಟಳು. ಆಮೇಲೆ ಆ ಮುದುಕಿ ನಿಧಾನವಾಗಿ ತಿರುಗಿ, ಮನೆಯ ದಾರಿ ಬಲ್ಲವಳಂತೆ, ಕಿಟಕಿಯ ಕಡೆಯ ಕಿಂಡಿಗೆ ಇಳಿದಳು. ಈ ಸಲ ಯಾರೂ ಕುಣಿಯಲಿಲ್ಲ. ಚರ್ಚಿನೊಳಗೆ ನಿಂತಂತೆ ನಿಂತುಬಿಟ್ಟರು.

“ದೊತೋರಾ, ನಮ್ಮಜ್ಜಿಗೂ ಕೊಡೋಣ,” ಎಂದಳು ಮಾರಿಸೆಲ್.

“ಪೋಚಾ ಇಲಿ ಕಣೇ, ಮಗಳೇ. ಇಲಿಗೆ ಆಗಿದ್ದು ನಿಮ್ಮಜ್ಜಿಗೂ ಆಗುತ್ತೋ ಇಲ್ವೋ ನಂಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಅವರ ತಲೆಗೆ ಚುಚ್ಚೋಕೆ ನಂಗೆ ಕೈ ಬರಲ್ಲ. ಮಾಟೆ ಮಾಡೋಕೆ ಬರುತ್ತೆ. ಭಾನುವಾರ ಬರ್ತೀನಿ.”

ಬಂದರು, ಭಾನುವಾರ ತಪ್ಪದೆ ಬಂದರು. ಅಜ್ಜಿ ಅವರನ್ನು ದರ್ಜಿಯೆಂದೇ ತಿಳಿದು ಗದರುತ್ತಿದ್ದರು: “ಏನಮ್ಮಾ, ನೀನು ನನ್ನ ಮದುವೆ ಬಟ್ಟೆ ಹೊಲಿಯೋಷ್ಟರಲ್ಲಿ ಗಂಡು ಮುದುಕ ಆಗ್ತಾನೆ!”

“ಒಂದು ತೋಳು ಬಾಕಿ, ದೋನ್ಯಾ,” ಎಂದು ಹಿರಿಯಮ್ಮನಿಗೆ ಸಲ್ಲುವ ಮರ್ಯಾದೆಯಿಂದಲೇ ಹೇಳುತ್ತಿದ್ದರು, ವಿದ್ವಾಂಸರ ಸಭೆಗಳು ಎದ್ದುನಿಂತು ಗೌರವಿಸುವ ನೆಲಿದಾ. ಮಾಟೆ ಸಾಕೆನ್ನುವವರು ಬುರುಡೆ ಹಿಂದಿರುಗಿಸುವಾಗ ‘ಗ್ರಾಸಿಯಾಸ್’, ಅಂದರೆ ಧನ್ಯವಾದ, ಎನ್ನಬೇಕು. ಅಲ್ಲಿಯವರೆಗೂ ಅವರಿಗೆ ಸರದಿ ತಪ್ಪುವುದಿಲ್ಲ. ಅಜ್ಜಿ ಆ ಪದವನ್ನೂ ಮರೆತಿದ್ದರಿಂದ, ಕೆಟಲಿನ ನೀರು ಮುಗಿಯುವ ತನಕ ನೆಲಿದಾ ಏಳುತ್ತಿರಲಿಲ್ಲ.

ಚಳಿಗಾಲದ ಒಂದು ಭಾನುವಾರ ಅಜ್ಜಿ ಬುರುಡೆಯನ್ನು ಮಾರಿಸೆಲ್‌ಳ ಕೈಗಿಟ್ಟು, ಅವಳನ್ನೇ ನೋಡುತ್ತ, “ಗ್ರಾಸಿಯಾಸ್” ಎಂದರು. ಹೆಸರು ಬರಲಿಲ್ಲ; ನರಿ ಬಾವಿಯ ಬಳಿಯೇ ಉಳಿಯಿತು. ಮುಂದಿನ ಭಾನುವಾರಕ್ಕೆ ಅಜ್ಜಿ ಇರಲಿಲ್ಲ.

“ಆ ಪದ ಇಷ್ಟು ದಿನ ಯಾವ ಕಿಂಡೀಲಿ ಅಡಗಿತ್ತೇ?” ಎಂದು ನೆಲಿದಾ ಬೆರಗಾಗಿ ಕೇಳಿದ್ದಕ್ಕೆ ಮಾರಿಸೆಲ್ ಇಂದಿಗೂ ಅದೇ ಮೇಜಿನ ಮುಂದೆ, ಬೇರೆ ಮುದಿ ಇಲಿಗಳೊಡನೆ, ಉತ್ತರ ಹುಡುಕುತ್ತಿದ್ದಾಳೆ.

ಗುರುಗಳ ಕುರ್ಚಿ ಬಾಗಿಲ ಬಳಿ ಹಾಗೆಯೇ ಇದೆ, ನೀರು ಕಾದಿದೆ. ಬುರುಡೆ ಕೈಗೆ ಬಂದಾಗಲೆಲ್ಲ ಅವರು ಹೀರಿ, ಸುಮ್ಮನೆ ಹಿಂದಿರುಗಿಸಿ, ಮುಂದಿನ ಇಲಿಗೂ ಪ್ರಶ್ನೆ ಕೇಳಲಿ. ಆ ಒಂದು ಪದವನ್ನು ಮಾತ್ರ ಇನ್ನೂ ಬಹುಕಾಲ ಆಡದಿರಲಿ.