ಜಲಜಮ್ಮ ಕಸದ ಲಾರಿ ನಿಲ್ಲಿಸಿದ್ದು

ಇಂಗ್ಲೆಂಡು ಹೇಗಿತ್ತು ಎಂದು ಮೇಳಿಗೆಯ ಜಲಜಮ್ಮನನ್ನು ಯಾರು ಕೇಳಿದರೂ ಒಂದೇ ಉತ್ತರ ಸಿಗುತ್ತಿತ್ತು: ಯಾವುದನ್ನು ಎಸೆಯಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ಅಲ್ಲಿಯವರಿಗೆ ಗೊತ್ತಿಲ್ಲ. ತೀರ್ಥಹಳ್ಳಿಯ ನೆಂಟರು ಹಿಮದ ಬಗ್ಗೆ ಕೇಳಲು ಆಸೆಪಟ್ಟು ಕೂತರೂ ಅವಳು ಕಸದ ವಿಷಯವನ್ನೇ ತೆಗೆಯುತ್ತಿದ್ದಳು.

ಅವಳು ಹೋದದ್ದು ಎಪ್ಪತ್ತನಾಲ್ಕರಲ್ಲಿ, ಮಗಳು ಸರೋಜಳ ಬಾಣಂತನಕ್ಕೆ. ಅಳಿಯ ಶ್ಯಾಮ ಹೊಸನಗರದವನು, ಅಲ್ಲಿ ಡಾಕ್ಟರಾಗಿದ್ದ. ಅವರ ಬಾಡಿಗೆ ಮನೆಗೆ ಬಂದ ಮರುದಿನ ಜಲಜಮ್ಮ ಆಲೂಗಡ್ಡೆ ಸಿಪ್ಪೆಯನ್ನು ಕೈಯಲ್ಲಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಳು. ಹಾಕುವುದಕ್ಕೆ ದನವಿಲ್ಲ, ಗೊಬ್ಬರದ ಗುಂಡಿಯೂ ಇಲ್ಲ. ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿ ತಗಡಿನ ಡಬ್ಬಿಗೆ ಹಾಕಬೇಕು, ವಾರಕ್ಕೊಮ್ಮೆ ಲಾರಿ ಬಂದು ಒಯ್ಯುತ್ತದೆ ಎಂದು ಸರೋಜ ಹೇಳಿಕೊಟ್ಟಳು. ಸಿಪ್ಪೆಗೂ ಮದುವೆ ಮನೆಯ ತಾಂಬೂಲದಂತೆ ಪೊಟ್ಟಣ ಕಟ್ಟುವ ಜನ! ಪಕ್ಕದ ಮನೆಯಾಕೆ ಖಾಲಿ ಹಾಲಿನ ಬಾಟಲಿಗಳನ್ನು ಫಳಫಳ ತೊಳೆದು ಹೊಸಿಲಿನಲ್ಲಿ ಸಾಲಾಗಿ ಇಡುತ್ತಿದ್ದಳು; ಹಾಲಿನವನು ವಾಪಸು ಒಯ್ಯುತ್ತಿದ್ದ. ಅದೇ ಹೆಂಗಸು ಒಂದು ಕಾಲು ಸಡಿಲವಾದ ಕುರ್ಚಿಯನ್ನು ರಸ್ತೆಗೆ ಇಟ್ಟಳು. ಒಂದು ಮೊಳೆ ಹೊಡೆದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತಿತ್ತು.

ಇಷ್ಟನ್ನು ಅವಳು ನಕ್ಕು ಸಹಿಸಿಕೊಂಡಳು. ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿದ ದಿನ ಮಾತ್ರ ನಗು ಬರಲಿಲ್ಲ. ಮಗುವಿನ ಹಿಂದೆ ಬಿದ್ದ ಮಾಸು ಎಲ್ಲಿ, ಯಾರ ಕೈಗೆ ಕೊಟ್ಟರು ಎಂದು ಕೇಳಿದಳು. ಸರೋಜ ಸಂಕೋಚದಿಂದ ನರ್ಸನ್ನು ವಿಚಾರಿಸಿ, ಒಲೆಗೆ ಹಾಕಿ ಸುಟ್ಟುಬಿಡುತ್ತಾರಂತೆ ಎಂದಳು.

"ಸುಡಕ್ಕೆ ಅದೇನು ಹೆಣವಾ?"

ಊರಿನಲ್ಲಿ ಹಸು ಕರು ಹಾಕಿದರೂ ಮಾಸನ್ನು ಹುಲ್ಲಿನಲ್ಲಿ ಕಟ್ಟಿ ಹಾಲು ಬರುವ ಮರಕ್ಕೆ ತೂಗುಹಾಕುತ್ತಾರೆ. ಮನುಷ್ಯರದ್ದನ್ನು ಹಿತ್ತಲಲ್ಲಿ ಆಳವಾಗಿ ಹೂತು, ನಾಯಿ ಕೆದರದಂತೆ ಮೇಲೊಂದು ಕಲ್ಲು ಹೇರುತ್ತಾರೆ. ಮಗು ಯಾವ ಮಣ್ಣಿನದು ಎಂಬುದು ಅಲ್ಲಿಗೆ ತೀರ್ಮಾನವಾಗುತ್ತದೆ. ಈ ಮಗುವಿಗೆ ಈಗ ಉಳಿದಿದ್ದು ಹೊಕ್ಕುಳಿನ ತುಂಡು ಬಳ್ಳಿ ಮಾತ್ರ. ಅದು ಒಣಗಿ ಬಿದ್ದ ಮೇಲೆ ಊರಿಗೆ ಒಯ್ದು ಹೂಳುವುದೆಂದು ಜಲಜಮ್ಮ ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡಳು. ದಿನಾ ಬೆಳಿಗ್ಗೆ ಮಗುವಿನ ಬಟ್ಟೆ ಬಿಚ್ಚಿ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ನೋಡಿದರೆ ಹೊಕ್ಕುಳು ಬರಿದು. ಹಿಂದಿನ ಸಂಜೆ ಅವಳು ಎಣ್ಣೆ ಕಾಯಿಸುತ್ತಿದ್ದಾಗ, ಮನೆಗೆ ಬಂದು ಬಾಣಂತಿಯನ್ನು ನೋಡುವ ನರ್ಸು ಬಿದ್ದ ಬಳ್ಳಿಯನ್ನು ಹತ್ತಿಯಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ ಹೋಗಿದ್ದಳು. ಅವ್ವನಿಗೆ ಹೇಳಲು ಸರೋಜಳಿಗೆ ಧೈರ್ಯವಾಗಿರಲಿಲ್ಲ; ಈಗ ಕೇಳಿದಾಗ ಬಾಯಿಬಿಟ್ಟಳು. ಅಂದು ಲಾರಿ ಬರುವ ದಿನ.

ಜಲಜಮ್ಮ ಹೊರಗೆ ಓಡಿದಳು. ಕಸದವನು ಡಬ್ಬಿಯನ್ನು ಹೆಗಲಿಗೇರಿಸಿಯಾಗಿತ್ತು. ಅವಳು ಎರಡೂ ಕೈಯಲ್ಲಿ ಡಬ್ಬಿ ಹಿಡಿದು ಜಗ್ಗಿ ಇಳಿಸಿ, ರಸ್ತೆಯ ಬದಿಯಲ್ಲೇ ಕವುಚಿ ಹಾಕಿ ಕುಕ್ಕರುಗಾಲಲ್ಲಿ ಕೂತಳು. ಅಕ್ಕಪಕ್ಕದ ಕಿಟಕಿಗಳ ಪರದೆ ಸರಿದವು. ನೋಡುವುದಾದರೆ ಬಾಗಿಲಿಗೇ ಬಂದು ನೋಡಬಾರದೇ, ಕಳ್ಳರ ಹಾಗೆ ನೋಡುತ್ತಾರಲ್ಲ ಎಂದು ಅವಳಿಗೆ ತಾತ್ಸಾರವಾಯಿತು.

ಶ್ಯಾಮ ಚಪ್ಪಲಿಯಲ್ಲೇ ಓಡಿಬಂದ. ಕಿಟಕಿಗಳ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ಅತ್ತೆ, ಏಳಿ. ಅದು ಸತ್ತ ಚರ್ಮ, ಅದ್ರಲ್ಲಿ ಏನೂ ಇಲ್ಲ" ಎಂದ.

ಜಲಜಮ್ಮ ಅಳಿಯನೊಡನೆ ನೇರವಾಗಿ ಮಾತಾಡಿದವಳಲ್ಲ. ಏನಿದ್ದರೂ ಮಗಳ ಮೂಲಕ ಹೇಳಿಸುತ್ತಿದ್ದಳು. ಆ ದಿನ ತಲೆ ಎತ್ತಿ ಕೇಳಿದಳು:

"ನಿಮ್ಮದನ್ನ ಎಲ್ಲಿ ಹೂತಿದಾರೆ?"

"ಬಚ್ಚಲ ಹಿಂದೆ, ನುಗ್ಗೆ ಮರದ ಬುಡದಲ್ಲಿ." ಬಾಯಿಗೆ ತಾನಾಗಿ ಬಂದುಬಿಟ್ಟಿತು. ಅಲ್ಲಿ ಕಾಲಿಡಬೇಡ ಎಂದು ಅವನ ತಾಯಿ ಗದರಿಸುತ್ತಿದ್ದಳು.

"ನಿಮ್ಮದಕ್ಕೆ ಮಣ್ಣು, ನಿಮ್ಮ ಮಗಳದ್ದಕ್ಕೆ ಈ ಡಬ್ಬಿನಾ?"

ಶ್ಯಾಮ ಶರಟಿನ ತೋಳು ಮಡಚಿ ಅವಳ ಎದುರಿಗೆ ಕೂತ. ಚಹಾ ಪುಡಿ, ಮೊಟ್ಟೆಯ ಓಡು, ಮೀನಿನ ಮುಳ್ಳು. ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚುತ್ತ ಹೋದರು. ಕಸದವನು ಏನೆಂದು ಕೇಳಿದ. ಶ್ಯಾಮ ಇಂಗ್ಲಿಷಿನಲ್ಲಿ ಏನೋ ಹೇಳಿದ. ಆತ ಡ್ರೈವರಿಗೆ ಕೈ ಮಾಡಿ ಲಾರಿ ನಿಲ್ಲಿಸಿದ, ಟೊಪ್ಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಆ ದೇಶದಲ್ಲಿ ತಿಳಿವಳಿಕೆ ಇದ್ದವನು ಅವನೊಬ್ಬನೇ ಎಂದು ಜಲಜಮ್ಮ ಆಮೇಲೆ ಹೇಳುತ್ತಿದ್ದಳು.

ಹತ್ತಿಯ ಉಂಡೆ ಶ್ಯಾಮನ ಕೈಗೇ ಸಿಕ್ಕಿತು. ಒಣಗಿದ ಮೆಣಸಿನಕಾಯಿ ತೊಟ್ಟಿನಷ್ಟೇ ಇತ್ತು. ಅವನು ಅದನ್ನು ಅತ್ತೆಯ ಕೈಗೆ ಕೊಡದೆ ಹಾಗೆಯೇ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತುಬಿಟ್ಟ.

"ಊರಿಗೆ ಒಯ್ತೀರಲ್ಲ ಅತ್ತೆ," ಎಂದ ಕೊನೆಗೆ, "ನುಗ್ಗೆ ಮರದ ಹತ್ರ ಇನ್ನೂ ಜಾಗ ಇದೆ."

ಜಲಜಮ್ಮ ಚೆಲ್ಲಿದ್ದನ್ನೆಲ್ಲ ಬಾಚಿ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ ಕಸದವನ ಮುಂದಕ್ಕೆ ತಳ್ಳಿದಳು.

"ಈಗ ತಗೊಂಡ್ಹೋಗಪ್ಪ," ಎಂದಳು ಅಪ್ಪಟ ಮೇಳಿಗೆಯ ಕನ್ನಡದಲ್ಲಿ. "ಇನ್ನು ಉಳಿದಿದ್ದು ಬರೀ ಕಸ."