ನೀವಲು ಒಪ್ಪದ ಕೈ

ಆ ಅಜ್ಜಿಯ ಹತ್ತು ಬೆರಳಲ್ಲೂ ಉಗುರೆಂಬುದೇ ಕಾಣುತ್ತಿರಲಿಲ್ಲ. ಎಳೆಗೂಸಿನ ಮೈಗೆ ತಾಗೀತೆಂದು ದಿನಾ ಬಾಗಿಲ ಕಲ್ಲಿಗೆ ಉಜ್ಜಿ ಉಜ್ಜಿ ಮಾಂಸದ ತನಕ ಸವೆಸಿದ್ದಳು. ಕ್ಯಾಸಂಬಳ್ಳಿ ಕಡೆಯ ನಮ್ಮೂರಲ್ಲಿ ಬಾಣಂತಿಯಿರುವ ಮನೆಗೆಲ್ಲ ಮಗುವಿಗೆ ನೀರು ಹಾಕಲು ಆಕೆಯೇ ಬರಬೇಕು. ಹುಟ್ಟಿದ್ದು ಊರಿಗಾಂನ ಚಿನ್ನದ ಗಣಿಯ ತಮಿಳು ಕೂಲಿಗಳ ಲೈನುಮನೆಯಲ್ಲಿ. ಹಾಗಾಗಿ ತಮಿಳು ಬೆರೆತ ಕನ್ನಡ, ಊರಿನ ಮಕ್ಕಳೆಲ್ಲ ಆಕೆಗೆ ‘ಕಣ್ಣು’. ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡರೆ ಯಾರ ಮಾತೂ ಕೇಳುತ್ತಿರಲಿಲ್ಲ. ನೀರು ಬಿಸಿಯಾಯಿತೇನೋ ಎಂದರೆ, “ಎತ್ತೋಳು ನೀನು, ನೀರು ಆಕೋಳು ನಾನು. ಆಚೆ ಓಗು” ಎಂದು ನನ್ನನ್ನೇ ಗದರುತ್ತಿದ್ದಳು.

ನನ್ನ ಎರಡನೆಯ ಕೂಸಿಗೆ ನೀರು ಹಾಕಲು ಬರುತ್ತಿದ್ದಾಗ, ಮೂರು ವರ್ಷದ ದೊಡ್ಡ ಮಗಳು ತನಗೂ ಬೇಕೆಂದು ಹಟ ಹಿಡಿದು ಆಕೆಯ ಕಾಲ ಮೇಲೆ ಏರಿ ಮಲಗಿದಳು. ಎಣ್ಣೆ ಸವರುತ್ತಿದ್ದ ಕೈ ಎಡಪಕ್ಕೆಯ ಕೆಳಗೆ ನಿಂತುಬಿಟ್ಟಿತು. ಚೆನ್ನಾಗಿ ತಿನ್ನುತ್ತಿದ್ದಾಳೆ, ಹೊಟ್ಟೆ ತುಂಬಿಕೊಳ್ಳುತ್ತಿದೆ ಎಂದು ನಾನು ಹಿಗ್ಗುತ್ತಿದ್ದ ಹೊಟ್ಟೆ ಅದು. ನಮ್ಮತ್ತೆ ಬಂದು ಮುಟ್ಟಿ ನೋಡಿ, ಗಂಟು ಕಟ್ಟಿದೆ, ಹರಳೆಣ್ಣೆ ಹಚ್ಚಿ ನೀವಿ ಕರಗಿಸು ಎಂದರು. ನಮ್ಮ ಕಡೆ ಮಗುವಿನ ಹೊಟ್ಟೆಗೆ ಏನಾದರೂ ಮೊದಲ ಮದ್ದು ಅದೇ. ಅಜ್ಜಿ ಮಗುವನ್ನು ಕಾಲಿಂದ ಇಳಿಸಿಬಿಟ್ಟಳು.

“ಕರುಳಾದ್ರೆ ಕೈಗೆ ಜಾರ್ತದೆ. ಇದು ಜಾರಾಕಿಲ್ಲ. ನಾನು ನೀವಾಕಿಲ್ಲ, ಬೇರೆಯೋರ್ಗೂ ನೀವಾಕೆ ಬಿಡಾಕಿಲ್ಲ. ಇವತ್ತೇ ಆಸ್ಪತ್ರೆಗೆ ಓಗು ಕಣವ್ವ.”

ಆಕೆಯ ಕಾಟ ತಡೆಯಲಾರದೆ ಹೋದೆ. ಬಂಗಾರಪೇಟೆಯ ಡಾಕ್ಟರು ಸ್ಕ್ಯಾನ್ ಮಾಡಿಸಿ ಬೆಂಗಳೂರಿಗೆ ಬರೆದುಕೊಟ್ಟರು. ಮೂತ್ರಪಿಂಡದಲ್ಲಿ ಗಡ್ಡೆ. ಎಳೆಯ ಮಕ್ಕಳಿಗೇ ಬರುವ ಕ್ಯಾನ್ಸರ್, ಬೇಗ ಸಿಕ್ಕಿದರೆ ಬಹಳಷ್ಟು ಮಕ್ಕಳು ಗುಣವಾಗುತ್ತಾರೆ ಎಂದರು ಅಲ್ಲಿನ ಡಾಕ್ಟರಮ್ಮ. “ಇನ್ನು ಯಾರೂ ಹೊಟ್ಟೆ ಒತ್ತಬೇಡಿ, ಒಡೆದರೆ ಒಳಗೆಲ್ಲ ಹರಡುತ್ತೆ” ಎಂದೂ ಹೇಳಿದರು. ಆ ಮೂತ್ರಪಿಂಡವನ್ನೇ ತೆಗೆದರು. ಆಮೇಲೆ ತಿಂಗಳುಗಟ್ಟಲೆ ಕೀಮೋ. ಬೋಳುತಲೆಯ ಮಗಳನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಓಡಾಡಿದೆ. ಮಗಳು ಉಳಿದಳು.

ಹಾಳು ಮಾಡಿದ್ದು ನನ್ನ ಬಾಯಿ. ಕೀಮೋ ನಡೆಯುತ್ತಿದ್ದಾಗಲೇ ಒಂದು ಬೆಳಿಗ್ಗೆ ಹಾಲಿನ ಡೇರಿಯಲ್ಲಿ ಯಾರೋ ವಿಚಾರಿಸಿದಾಗ, “ಒಟ್ಟೆ ಒತ್ತಬಾರ್ದಂತೆ, ಡಾಕ್ಟ್ರು ಏಳವ್ರೆ” ಎಂದಿದ್ದೆ. ಅಷ್ಟೇ. ಸಂಜೆಯ ಹಾಲು ಹಾಕಲು ಹೋಗುವಷ್ಟರಲ್ಲಿ ಆ ಮಾತು, ಅಜ್ಜಿ ಒತ್ತಿ ಒತ್ತಿಯೇ ಗಡ್ಡೆ ಬಂತಂತೆ ಎಂದಾಗಿತ್ತು. ನೀವಿ ಕರಗಿಸು ಎಂದವರು ನಮ್ಮತ್ತೆ, ಒಲ್ಲೆನೆಂದವಳು ಆಕೆ. ಅತ್ತೆ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಅತ್ತೆಯ ಭಯ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಮಗಳ ತಲೆಗೂದಲು ಉದುರುತ್ತಿದ್ದ ದಿನಗಳಲ್ಲಿ ದೂರಲು ಯಾರೋ ಒಬ್ಬರು ಸಿಕ್ಕಿದ್ದು ನನಗೂ ಹಿತವಾಗಿತ್ತು.

ಬಾಣಂತಿಯರ ಮನೆಯಿಂದ ಆಕೆಗೆ ಕರೆ ಬರುವುದು ನಿಂತಿತು. ಟೊಮೆಟೊ ತೋಟದ ಕೂಲಿಗೆ ಹೋಗತೊಡಗಿದಳು. ಒಮ್ಮೆ ದಾರಿಯಲ್ಲಿ ನನ್ನ ಮಗಳು ಓಡಿಹೋಗಿ ಆಕೆಯ ಸೀರೆ ಹಿಡಿದಳು. ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಮುಟ್ಬ್ಯಾಡ ಕಣ್ಣು, ನೋಡ್ದೋರು ನಿಮ್ಮವ್ವನ್ನ ಬೈತಾರೆ.”

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಆಕೆ ನೀರು ಹಾಕಿದ ಗಂಡುಮಕ್ಕಳೇ ಹೆಗಲು ಕೊಟ್ಟರು. ಹೆಂಗಸರ ಗುಂಪಿನಲ್ಲಿ ಆಗಲೂ ಅದೇ ಗುಸುಗುಸು. ತಿಂಗಳಾದ ಮೇಲೆ ಮಗಳ ತಪಾಸಣೆಗೆ ಬೆಂಗಳೂರಿಗೆ ಹೋದೆವು. ಡಾಕ್ಟರಮ್ಮ ಹಳೆಯ ಫೈಲು ತೆರೆದು, ಸುತ್ತ ನಿಂತಿದ್ದ ಕಲಿಯುವ ಡಾಕ್ಟರುಗಳಿಗೆ ಹೇಳಿದರು: “ನೋಡಿ, ಸ್ನಾನ ಮಾಡಿಸುವಾಗ ತಾಯಿಯೇ ಗಡ್ಡೆ ಗುರುತಿಸಿದ್ದಾರೆ. ನೀವಿ ತಿಕ್ಕಿ ಮಾಡದೆ ನೇರವಾಗಿ ಕರೆತಂದಿದ್ದಾರೆ. ಅದಕ್ಕೇ ಈ ಹುಡುಗಿ ಇವತ್ತು ಹೀಗಿದ್ದಾಳೆ.”

ಆ ಆಸ್ಪತ್ರೆಗೆ ಬಂದ ಮೊದಲ ದಿನ, ಗಡ್ಡೆಯನ್ನು ಮೊದಲು ಯಾರು ನೋಡಿದ್ದು ಎಂದು ಕೇಳಿದಾಗ, ನಾನೇ ಎಂದು ಬರೆಸಿದವಳು ನಾನು. ಎಲ್ಲರೂ ನನ್ನತ್ತ ತಿರುಗಿದರು. ಮಗಳು ಹೆಮ್ಮೆಯಿಂದ ನನ್ನ ಕೈ ಹಿಡಿದುಕೊಂಡಳು. ಅಲ್ಲವೆನ್ನಲು ಆಗಲೂ ನನಗೆ ಬಾಯಿ ಬರಲಿಲ್ಲ.