ಸುಪ್ರೀತಾಳ ಎಡ ಹೆಗಲು

ಹೋಳಿ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ದೆಹಲಿಯ ಆರ್.ಕೆ.ಪುರಂನ ಯಾವುದೋ ಮಹಡಿಯಿಂದ ಎಸೆದ ನೀರಿನ ಬಲೂನು ಸುಪ್ರೀತಾಳ ಬಲಗಣ್ಣಿಗೆ ಬಡಿಯಿತು. ಎಸೆದವರು ನಗುತ್ತ ಒಳಗೆ ಹೋದರು. ದೂರು ಕೊಡಲು ಹೋದರೆ ಪೊಲೀಸ್ ಠಾಣೆಯಲ್ಲಿ, "ಹೋಳಿ ಅಲ್ವಾ ಮೇಡಂ?" ಎಂದರು. ಆ ಕಣ್ಣಿನ ನೋಟದ ನಡುವೆ ಮಸುಕು ಉಳಿದುಬಿಟ್ಟಿತು. ಅದೇ ಕಣ್ಣಿನಿಂದ ಗುರಿಯಿಡುತ್ತಿದ್ದ ಅವಳಿಗೆ ಏರ್ ರೈಫಲ್‌ನಲ್ಲಿ ದೆಹಲಿ ತಂಡದ ಆಯ್ಕೆ ಸ್ಪರ್ಧೆ ಆ ಚಳಿಗಾಲಕ್ಕೆ ನಿಗದಿಯಾಗಿತ್ತು.

ಗುರುಗ್ರಾಮದ ಶೂಟಿಂಗ್ ರೇಂಜಿನಲ್ಲಿ ಅವಳಿಗೆ ಕಲಿಸುವ ಮಹಂತೇಶ್ ಸೇನೆಯಿಂದ ನಿವೃತ್ತರಾದವರು. ಅವರು ಸಮಾಧಾನ ಹೇಳಲಿಲ್ಲ. "ಎಡಗಣ್ಣು ಇದೆಯಲ್ಲ? ರೈಫಲ್ ಎಡ ಹೆಗಲಿಗೆ ತಗೋ."

ಹೆಗಲು ಬದಲಾದರೆ ರೈಫಲ್ಲಿಗೆ ಒತ್ತುವ ಕೆನ್ನೆ, ಪಾದ, ಟ್ರಿಗರ್‌ನ ಬೆರಳು ಎಲ್ಲವೂ ಬದಲಾಗಬೇಕು. ಶೂಟಿಂಗಿನ ಬಿಗಿಯಾದ ಜಾಕೆಟ್ಟೂ ಬೇರೆಯದೇ ಬೇಕು. ಯಾರೋ ಎಡಗೈಯವರ ಹಳೆಯದನ್ನು ತೊಟ್ಟು ಅವಳು ಮತ್ತೆ ಮೊದಲಿನಿಂದ ನಿಲ್ಲಲು ಕಲಿತಳು. ಗುಂಡು ಗುರಿ ತಪ್ಪುತ್ತಿದ್ದರೂ ಟ್ರಿಗರ್‌ನ ಬೆರಳು ಮಾತ್ರ ನಡುಗುತ್ತಿರಲಿಲ್ಲ. ಮಹಂತೇಶ್ ಅದನ್ನು ಗಮನಿಸಿದರು.

"ಚಿಕ್ಕವಳಿದ್ದಾಗ ಎಡಚಿ ಆಗಿದ್ದೆಯಾ?"

"ಇಲ್ಲ ಸರ್."

ಮನೆಗೆ ಬಂದು ಕೇಳಿದಳು. ತಾಯಿ ನೀಲಾವತಿ ತಮ್ಮ ಹೋಟೆಲಿನ ದೋಸೆ ಹಿಟ್ಟು ಕಲಸುತ್ತಲೇ ಹೇಳಿದರು: "ಹೌದು ಮಾರಾಯ್ತಿ. ನಡೆಯಲು ಕಲಿತಾಗಿನಿಂದ ಎಲ್ಲದಕ್ಕೂ ಎಡಗೈಯೇ. ಬಟ್ಟೆ ಸುತ್ತಿ ಕಟ್ಟಿ ಆ ಅಭ್ಯಾಸ ಬಿಡಿಸಿದೆ. ಹೋಟೆಲಿನವರ ಮಗಳು ಎಡಗೈಯಲ್ಲಿ ತಟ್ಟೆ ಕೊಟ್ಟರೆ ಗಿರಾಕಿ ಮುಟ್ಟುತ್ತಾನಾ?"

"ಕಟ್ಟಿದೆಯಾ? ನಾಯಿಗೆ ಕಟ್ಟಿದ ಹಾಗೆ?"

ತಂದೆ ಜಯಾನಂದ ನಕ್ಕರು. "ಅಚ್ಛಾ, ಈಗ ಎರಡೂ ಕೈ ಬಂತಲ್ಲ, ಲಾಭವೇ."

"ನನ್ನ ಕೈಯನ್ನು ನನಗೇ ಕಲಿಸೋಕೆ ಸರ್ ಬೇಕಾಯ್ತು ಪಪ್ಪಾ! ಇದರಲ್ಲಿ ನಗೋದು ಏನಿದೆ?"

ಅಂದಿನಿಂದ ಅವಳು ಮನೆಯಲ್ಲಿ ಮಾತು ಕಡಿಮೆ ಮಾಡಿದಳು, ರೇಂಜಿನಲ್ಲಿ ಹೊತ್ತು ಹೆಚ್ಚಿಸಿದಳು. "ಸಿಟ್ಟು ಹೊರಗಿಟ್ಟು ಬಾ" ಎಂದು ಮಹಂತೇಶ್ ಗದರುತ್ತಿದ್ದರು. ಅವಳಿಗೆ ಆಗಲಿಲ್ಲ. ಉಸಿರು ನಿಲ್ಲಿಸಿದಾಗಲೆಲ್ಲ ಮಹಡಿಯ ಆ ನಗು ಕೇಳುತ್ತಿತ್ತು, ಈಗ ಅದರ ಜೊತೆ ತಂದೆಯದೂ.

ಆಯ್ಕೆಯ ದಿನ ಕೈ ಅವಳ ಮಾತು ಕೇಳಿತು. ಕೆನ್ನೆ ಕೇಳಲಿಲ್ಲ. ಬಲಕ್ಕೆ ಒಗ್ಗಿದ ಕುತ್ತಿಗೆ ಕೊನೆಯ ಸುತ್ತಿನಲ್ಲಿ ಸೋತು, ತಂಡದ ಕೊನೆಯ ಸ್ಥಾನ ಕೂದಲೆಳೆಯ ಅಂತರದಲ್ಲಿ ಬೇರೆಯವಳ ಪಾಲಾಯಿತು.

ಹೊರಗೆ ಕಾದಿದ್ದ ನೀಲಾವತಿ ಸೆರಗಿನಿಂದ ಮಗಳ ಬೆವರು ಒರೆಸಲು ಬಂದರು. "ಮುಂದಿನ ವರ್ಷ ಆದೀತು ಮಗಾ."

"ಆಗುತ್ತದೆ. ನೀನು ಬರಬೇಡ ಅಮ್ಮ."

ಸುಪ್ರೀತಾ ತಿರುಗಿ ಒಳಗೆ ಹೋಗಿ, ಖಾಲಿಯಾಗಿದ್ದ ಗುರಿ ಅಭ್ಯಾಸದ ಲೇನಿನಲ್ಲಿ ನಿಂತು ಜಾಕೆಟ್ಟಿನ ಪಟ್ಟಿ ಬಿಗಿದಳು. ನೀಲಾವತಿ ಸ್ವಲ್ಪ ಹೊತ್ತು ಕಾದು, ಒಬ್ಬರೇ ಮೆಟ್ರೊ ಕಡೆಗೆ ನಡೆದರು.